ರಸ್ತೆದಾಟು ಮೀಮಾಂಸೆ: ಉದ್ದಪಂಥ ಮತ್ತು ಅಡ್ಡಪಂಥಗಳ ವಿವಾದ ಕುರಿತು ಒಂದು ಸಂಶೋಧನೆ

ಪೀಠಿಕೆ

ಭಾರತೀಯ ದರ್ಶನಗಳು ಆರು ಎಂದು ಹಿಂದಿನವರು ಎಣಿಸಿಟ್ಟಿದ್ದಾರೆ. ಬೆಂಗಳೂರಿನ ಯಾವುದಾದರೂ ಸರ್ಕಲ್‌ನಲ್ಲಿ ಸಂಜೆ ಆರೂವರೆಗೆ ಒಂದು ಗಳಿಗೆ ನಿಂತಿದ್ದರೆ ಎಂಟು ಎಂದು ತಿದ್ದಿಕೊಳ್ಳುತ್ತಿದ್ದರು. ಅವರು ಬಿಟ್ಟ ಎರಡು ಯಾವುವೆಂದರೆ, ರಸ್ತೆಯ ಉದ್ದಕ್ಕೆ ಸಾಗುವವರ ಉದ್ದಪಂಥ, ರಸ್ತೆಗೆ ಅಡ್ಡ ಹಾಯುವವರ ಅಡ್ಡಪಂಥ. ಸರ್ಕಾರಿ ಕಡತಗಳಲ್ಲಿ ಮೊದಲನೆಯವರಿಗೆ ಚಾಲಕರೆಂದೂ ಎರಡನೆಯವರಿಗೆ ಪಾದಚಾರಿಗಳೆಂದೂ ಹೆಸರು. ಲೋಕ ಮುಂದಕ್ಕಿದೆ ಎಂಬುದು ಉದ್ದಪಂಥದ ನಂಬಿಕೆ. ಲೋಕ ಆಚೆ ಬದಿಯಲ್ಲಿದೆ ಎಂಬುದು ಅಡ್ಡಪಂಥದ ನಂಬಿಕೆ. ಏಕೆಂದರೆ ಅವರ ಬಸ್ ಸ್ಟಾಪು ಎಂದೂ ಈಚೆ ಬದಿಯಲ್ಲಿ ಇದ್ದದ್ದಿಲ್ಲ. ಈ ಎರಡು ಮತಗಳು ತೊಂಬತ್ತು ಡಿಗ್ರಿಯಲ್ಲಿ ಸಂಧಿಸುವಾಗ ಹುಟ್ಟುವ ವಾಗ್ವಾದವೇ ಪ್ರಸ್ತುತ ಪ್ರಬಂಧದ ವಸ್ತು.

ಮೀಮಾಂಸಕರು ಯಾವ ಪ್ರಶ್ನೆ ಎದುರಾದರೂ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ ಎಂದು ಬಿಡಿಸಿ ನೋಡುತ್ತಿದ್ದರು. ನಾವೂ ಅದೇ ದಾರಿ ಹಿಡಿದಿದ್ದೇವೆ. ಸದ್ಯಕ್ಕೆ ಟ್ರಾಫಿಕ್ ಇಲ್ಲದ ದಾರಿ ಅದೊಂದೇ.

ವಿಷಯ

ಅಧ್ಯಯನಕ್ಷೇತ್ರ: ಜಯನಗರದ ಒಂದು ಜೀಬ್ರಾ ಕ್ರಾಸಿಂಗ್. ಬಿಳಿ ಪಟ್ಟೆಗಳಲ್ಲಿ ಒಂದರ ಮೇಲೆ ಆಟೋ ನಿಂತಿದೆ. ಇನ್ನೆರಡನ್ನು ಯಾರೋ ಅಗೆದು, ಮತ್ತಾರೋ ಮುಚ್ಚಿದ್ದಾರೆ. ಉಳಿದವು ಶಾಸನದ ಸವೆದ ಅಕ್ಷರಗಳ ಸ್ಥಿತಿಯಲ್ಲಿದ್ದು, ತಜ್ಞರು ಮಾತ್ರ ಓದಬಲ್ಲರು. ಎಡಗೈಯಲ್ಲಿ ಸೊಪ್ಪಿನ ಚೀಲ ಹಿಡಿದ ಅಜ್ಜಿಯೊಬ್ಬರು ಬಲಗೈ ಎತ್ತಿ ರಸ್ತೆಗಿಳಿಯುತ್ತಾರೆ. ಬೆನ್ನಿಗೆ ಊಟದ ಪೆಟ್ಟಿಗೆ ಕಟ್ಟಿಕೊಂಡ ಹುಡುಗನ ಸ್ಕೂಟರು ಅವರ ಸೆರಗಿಗೆ ಗೇಣು ದೂರದಲ್ಲಿ ಕಿರ್‍ರೆಂದು ನಿಲ್ಲುತ್ತದೆ.

"ಏನಜ್ಜಿ, ಮನೇಲಿ ಹೇಳ್ಬಿಟ್ ಬಂದಿದೀರಾ?"

"ಹೇಳೇ ಬಂದಿದೀನಪ್ಪ, ಸೊಪ್ಪು ತರ್ತೀನಿ ಅಂತ. ನೀನು ಹೇಳಿ ಬಂದಿದೀಯಾ?"

ಅಷ್ಟರಲ್ಲಿ ಹಿಂದಿನ ಕಾರಿನವರು ಕಿಟಕಿ ಇಳಿಸಿ, "ಆಗ್ಲಿಂದ ಹಾರನ್ ಹೊಡೀತಿದೀನಲ್ರೀ!" ಎನ್ನುತ್ತಾರೆ. ಅಜ್ಜಿಯ ಹಿಂದೆಯೇ ದಾಟುತ್ತಿದ್ದ ತರುಣನೊಬ್ಬ ಬಾನೆಟ್ಟಿನ ಮೇಲೆ ಪಟ್ಟೆಂದು ತಟ್ಟಿ, "ರೋಡೇನು ನಿಮ್ಮಪ್ಪಂದಾ?" ಎನ್ನುತ್ತಾನೆ. ವಾದ ಇಲ್ಲಿಗೆ ಪೂರ್ಣ. ರಾಜ್ಯದ ಯಾವ ರಸ್ತೆಯಲ್ಲಿ ಯಾವ ಜಗಳ ನಡೆದರೂ ಈ ಮೂರು ಮಹಾವಾಕ್ಯಗಳ ಆಚೆಗೆ ಹೋಗುವುದಿಲ್ಲ. ಮುಂದಿನದೆಲ್ಲ ಭಾಷ್ಯ ಮತ್ತು ಬೈಗುಳ.

ಸಂಶಯ

ಯಾರು ನಿಲ್ಲಬೇಕು ಎಂಬುದೇ ಸಂಶಯ. ಇದಕ್ಕೆ ಇನ್ನೊಂದು ತೊಡಕೂ ಸೇರಿಕೊಂಡಿದೆ. ಈ ಎರಡು ಪಂಥಗಳಿಗೆ ಹುಟ್ಟಿನಿಂದ ಸೇರಿದವರು ಯಾರೂ ಇಲ್ಲ. ಉದ್ದಪಂಥಿಯೊಬ್ಬ ದರ್ಶಿನಿಯ ಎದುರು ಜಾಗ ಸಿಗದೆ ಆಚೆ ಬದಿಯಲ್ಲಿ ಗಾಡಿಗೆ ಸೈಡ್ ಸ್ಟ್ಯಾಂಡ್ ಹಾಕಿದ ಕೂಡಲೇ ಮತಾಂತರಗೊಳ್ಳುತ್ತಾನೆ. ಹಾಗೆ ಮತಾಂತರಗೊಂಡವನ ನಿಷ್ಠೆ ಮೂಲದವರಿಗಿಂತ ಉಗ್ರ. ದೋಸೆ ತಿಂದು ಕೈತೊಳೆದು ಬರುವಷ್ಟರಲ್ಲಿ, "ಈ ಗಾಡಿಯೋರಿಗೆ ಮನುಷ್ಯತ್ವವೇ ಇಲ್ಲ" ಎಂದಿರುತ್ತಾನೆ. ಕೀಲಿ ತಿರುಗಿಸಿದ ಮೇಲೆ ಸ್ವಧರ್ಮಕ್ಕೆ ಮರಳಿ, ಅಡ್ಡ ಬಂದವರಿಗೆ ಮನೆಯಲ್ಲಿ ಹೇಳಿ ಬಂದಿದ್ದೀರಾ ಎಂದು ವಿಚಾರಿಸುತ್ತಾನೆ.

ಪೂರ್ವಪಕ್ಷ

ಉದ್ದಪಂಥಿಗಳಿಗೆ ಶಾಸ್ತ್ರಾಧಾರ ಇಲ್ಲವೆಂದು ಯಾರೂ ಹಗುರವಾಗಿ ಮಾತಾಡಕೂಡದು. ಯಾರಿಗೆ ದಾರಿ ಬಿಡಬೇಕು ಎಂದು ಮನುಸ್ಮೃತಿಯ ಎರಡನೇ ಅಧ್ಯಾಯದಲ್ಲಿ ಒಂದು ಪಟ್ಟಿಯಿದೆ. ಅದರ ಮೊದಲ ಹೆಸರೇ ಗಾಡಿಯಲ್ಲಿ ಕೂತವನದು. ಆಮೇಲೆ ತೊಂಬತ್ತು ದಾಟಿದವರು, ರೋಗಿಗಳು, ಹೊರೆ ಹೊತ್ತವರು, ಹೆಂಗಸರು, ಸ್ನಾತಕ, ರಾಜ, ಮದುಮಗ ಬರುತ್ತಾರೆ. ಸೊಪ್ಪಿನ ಚೀಲದ ಅಜ್ಜಿಗೆ ಈ ಪಟ್ಟಿಯಲ್ಲಿ ಎರಡು ಸೀಟು ಖಾತ್ರಿ. ಆದರೆ ಉದ್ದಪಂಥಿಗಳು ಓದನ್ನು ಮೊದಲ ಹೆಸರಿಗೇ ನಿಲ್ಲಿಸುತ್ತಾರೆ. ಅವರು ನಿಲ್ಲಿಸುವುದು ಅದೊಂದನ್ನೇ.

ಎರಡನೇ ಮಹಾವಾಕ್ಯದ ಬೇರೂ ಇಲ್ಲಿಯೇ ಸಿಗುತ್ತದೆ. ಅದೇ ಸ್ಮೃತಿಯ ಎಂಟನೇ ಅಧ್ಯಾಯ, ಗಾಡಿಯಿಂದ ಹಾನಿಯಾದರೂ ದಂಡವಿಲ್ಲದ ಹತ್ತು ಸಂದರ್ಭಗಳನ್ನು ಹೇಳುತ್ತದೆ: ಮೂಗುದಾರ ಕಡಿದರೆ, ನೊಗ ಮುರಿದರೆ, ಅಚ್ಚು ಮುರಿದರೆ, ಚಕ್ರ ಮುರಿದರೆ, ಹೀಗೆ. ಕೊನೆಯ ಸಂದರ್ಭ, ಗಾಡಿಯವನು ಸರಿಯಿರಿ ಎಂದು ಮೊದಲೇ ಕೂಗಿದ್ದರೆ. ಹಾರನ್ನಿನ ತತ್ತ್ವಶಾಸ್ತ್ರ ಪೂರ್ತಿ ಇದರಲ್ಲಿ ಅಡಗಿದೆ. ನಮ್ಮ ಚಾಲಕ ಹಾರನ್ ಒತ್ತುವುದು ಎಚ್ಚರಿಸಲಿಕ್ಕಲ್ಲ, ಋಣಮುಕ್ತನಾಗಲಿಕ್ಕೆ. ಒತ್ತಿದ ಮೇಲೆ ಆಗುವುದಕ್ಕೆಲ್ಲ ವಿಧಿಯೇ ಹೊಣೆ.

ಇದೇ ಅಧ್ಯಾಯದ ಮುಂದಿನ ವಿಧಿಯನ್ನು ಮಾತ್ರ ಯಾವ ಕ್ಯಾಬಿನಲ್ಲೂ ಯಾರೂ ಓದಿಕೊಂಡಂತಿಲ್ಲ. ಓಡಿಸುವವನು ನುರಿತವನಾಗಿದ್ದರೆ ದಂಡ ಅವನಿಗೆ. ನುರಿಯದವನಾಗಿದ್ದರೆ ಗಾಡಿಯಲ್ಲಿ ಕೂತವರಿಗೆಲ್ಲ ತಲಾ ನೂರು ಪಣ. ಹಿಂದಿನ ಸೀಟಿನಲ್ಲಿ ಕೂತು, "ಸ್ವಲ್ಪ ಬೇಗ ಹೋಗ್ರೀ, ನುಗ್ಸಿ" ಎನ್ನುವ ಸಜ್ಜನರು ಗಮನಿಸಬೇಕು.

ಮುದ್ರಾಪ್ರಕರಣ

ಅಡ್ಡಪಂಥಿಗಳ ಶಾಸ್ತ್ರ ಗ್ರಂಥಸ್ಥವಲ್ಲ, ಹಸ್ತಸ್ಥ. ನಂದಿಕೇಶ್ವರನ ಅಭಿನಯದರ್ಪಣ ಒಂಟಿಗೈ ಮುದ್ರೆಗಳನ್ನು 28 ಎಂದು ಎಣಿಸಿ ಪತಾಕದಿಂದ ಆರಂಭಿಸುತ್ತದೆ. ಬೆರಳು ಜೋಡಿಸಿ ಅಂಗೈಯನ್ನು ಎದುರಿಗೆ ಹಿಡಿಯುವ ಈ ಮುದ್ರೆಯಲ್ಲಿ ಬೆಂಗಳೂರಿಗರು ಮೂರು ಪ್ರಭೇದಗಳನ್ನು ಬೆಳೆಸಿದ್ದಾರೆ. ತೋಳನ್ನು ನೇರ ಚಾಚಿ, ಚಾಲಕನ ಕಣ್ಣಲ್ಲಿ ಕಣ್ಣಿಟ್ಟರೆ ಆಜ್ಞಾಪತಾಕ. ನಿವೃತ್ತ ಮೇಷ್ಟ್ರುಗಳಿಗೆ ಇದು ಸಿದ್ಧಿಸಿರುತ್ತದೆ. ಅಂಗೈಯನ್ನು ಸೊಂಟದ ಮಟ್ಟಕ್ಕಿಳಿಸಿ, ಬೆನ್ನು ಬಗ್ಗಿಸಿ, ಅರೆನಗೆ ಸೇರಿಸಿ ಓಡಿದರೆ ಯಾಚನಾಪತಾಕ. ಒಂದು ಕೈಯಲ್ಲಿ ಫೋನನ್ನು ಕಿವಿಗಿಟ್ಟು, ಗಾಡಿ ಬರುವ ಕಡೆಗೆ ನೋಡದೆಯೇ ಇನ್ನೊಂದು ಕೈಯನ್ನು ಸುಮ್ಮನೆ ಗಾಳಿಯಲ್ಲಿ ಬಿಟ್ಟರೆ ಮೊಬೈಲ್‌ಪತಾಕ. ಇದು ಮುದ್ರೆಯೋ ದೇವರ ಮೇಲಿನ ಭಾರವೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಡಿವೈಡರಿನ ಕಂಬಿ ಹಾರಿ ದಾಟುವುದು ಮುದ್ರೆಯಲ್ಲ, ಕರಣ. ಅದನ್ನು ಇಲ್ಲಿ ಚರ್ಚಿಸಿಲ್ಲ. ಸ್ಕೈವಾಕ್ ಹತ್ತುವವರನ್ನೂ ಚರ್ಚಿಸಿಲ್ಲ. ಮಂಡಿ ಗಟ್ಟಿಯಿರುವವರ ಸಮಸ್ಯೆಗಳು ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.

ಮುದ್ರೆಗೆ ಉದ್ದಪಂಥಿಗಳ ಪ್ರತಿಮುದ್ರೆ ಹೆಡ್‌ಲೈಟ್ ಮಿಣುಕಿಸುವುದು. ವಿದೇಶಕ್ಕೆ ಹೋಗಿಬಂದವರು ಇದಕ್ಕೆ "ನೀವು ದಾಟಿ" ಎಂದು ಅರ್ಥ ಹೇಳುತ್ತಾರೆ. ಅದನ್ನು ಇಲ್ಲಿ ಪ್ರಯೋಗಿಸಿ ನೋಡಬಾರದು. ಇಲ್ಲಿ ಅದರ ಅರ್ಥ "ನಾನು ಬರ್ತಿದೀನಿ" ಎಂದೇ.

ಪರದೇಶಗಳ ಪ್ರಯತ್ನ

ಈ ವಿವಾದವನ್ನು ಯಂತ್ರದಿಂದ ಬಗೆಹರಿಸುವ ಯತ್ನ ಲಂಡನ್ನಿನಲ್ಲಿ 1868ರ ಡಿಸೆಂಬರಿನಲ್ಲಿ ನಡೆಯಿತು. ಪಾರ್ಲಿಮೆಂಟಿನ ಹತ್ತಿರ ಗ್ಯಾಸ್ ದೀಪದ ಸಿಗ್ನಲ್ ಕಂಬ ನೆಟ್ಟರು. ಮರುತಿಂಗಳೇ ಅದು ಸಿಡಿದು, ಅದನ್ನು ನಡೆಸುತ್ತಿದ್ದ ಪೊಲೀಸನೇ ಗಾಯಗೊಂಡ. ಆಮೇಲೆ ಐವತ್ತು ವರ್ಷಕ್ಕೂ ಹೆಚ್ಚು ಕಾಲ ಆ ನಗರ ಸಿಗ್ನಲ್ ದೀಪದ ಗೋಜಿಗೆ ಹೋಗಲಿಲ್ಲ. ರಸ್ತೆ ದಾಟುವ ಜಾಗಗಳನ್ನು ಲೋಹದ ಗುಬಟುಗಳಿಂದ ಗುರುತಿಸಿ ನೋಡಿದರು. ಅವು ನಡೆಯುವವರಿಗೆ ಕಂಡವು, ಓಡಿಸುವವರಿಗೆ ಕಾಣಲಿಲ್ಲ. ಕೊನೆಗೆ 1951ರಲ್ಲಿ ಕಪ್ಪುಬಿಳುಪು ಪಟ್ಟೆಗಳು ಬಂದವು. ಪಟ್ಟೆಯ ಗುಟ್ಟು ಇಷ್ಟೇ: ಅದು ದಾಟುವವರಿಗಾಗಿ ಬಳಿದದ್ದಲ್ಲ, ದೂರದಿಂದ ಬರುವ ಚಾಲಕನ ಕಣ್ಣಿಗೆ ಬೀಳಲೆಂದು ಬಳಿದದ್ದು. ನಮ್ಮಲ್ಲಿಯೂ ಅದು ಬೀಳುತ್ತದೆ. ಸಿಗ್ನಲ್ ಬಿದ್ದಾಗ ಮುಂದಿನ ಚಕ್ರ ಎಲ್ಲಿಟ್ಟರೆ ಮೊದಲು ಹೊರಡಬಹುದೆಂದು ಅದರಿಂದಲೇ ತಿಳಿಯುತ್ತದೆ.

ಸ್ವದೇಶಿ ಪ್ರಯೋಗವನ್ನು ಹೇಳದಿದ್ದರೆ ಲೋಪವಾದೀತು. 2019ರಲ್ಲಿ ಬೆಂಗಳೂರಿನ ಕೆಲವು ಜಂಕ್ಷನ್‌ಗಳಲ್ಲಿ ಸಮವಸ್ತ್ರ, ಟೋಪಿ, ಕಪ್ಪು ಕನ್ನಡಕ ತೊಡಿಸಿದ ಗೊಂಬೆ ಪೊಲೀಸರನ್ನು ನಿಲ್ಲಿಸಲಾಯಿತು. ಉದ್ದಪಂಥಿಗಳು ನಿಯಮಕ್ಕೆ ಹೆದರುವುದಿಲ್ಲ, ಟೋಪಿಗೆ ಹೆದರುತ್ತಾರೆ ಎಂಬ ನಮ್ಮ ಊಹೆಗೆ ಇದಕ್ಕಿಂತ ಅಧಿಕೃತ ಪುರಾವೆ ಬೇಕಿಲ್ಲ.

ಪಿತ್ರಾರ್ಜಿತ ಪ್ರಕರಣ

ಇನ್ನು ಮೂರನೇ ಮಹಾವಾಕ್ಯ: "ರೋಡೇನು ನಿಮ್ಮಪ್ಪಂದಾ?" ಜನ ಇದನ್ನು ಬೈಗುಳವೆಂದು ತಿಳಿದಿದ್ದಾರೆ. ವಾಸ್ತವವಾಗಿ ಇದು ಆಸ್ತಿಹಕ್ಕಿನ ಗಹನ ಪ್ರಶ್ನೆ. ಇದನ್ನು ಬಗೆಹರಿಸಬಲ್ಲ ಗ್ರಂಥ ಹುಟ್ಟಿದ್ದೂ ಕನ್ನಡನಾಡಿನಲ್ಲೇ. ಕಲ್ಯಾಣದ ಚಾಲುಕ್ಯ ಆರನೇ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರ ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರದ ಪ್ರಕಾರ, ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ಆದ್ದರಿಂದ ರಸ್ತೆ ಅಪ್ಪನದೇ ಎಂದಾದರೂ ಅಪ್ಪನ ಹೆಸರು ಎತ್ತುವ ಅಗತ್ಯವಿಲ್ಲ, "ರೋಡಿನಲ್ಲಿ ನಿಮ್ಮ ಪಾಲೆಷ್ಟು?" ಎಂದು ಕೇಳುವುದೇ ಸಾಧು. ಬಂಗಾಳದಲ್ಲಿ ಮಾತ್ರ ಜೀಮೂತವಾಹನನ ದಾಯಭಾಗದಂತೆ ತಂದೆ ತೀರಿಕೊಂಡ ಮೇಲಷ್ಟೇ ಹಕ್ಕು. ಕೋಲ್ಕತ್ತದ ಚೌಕಗಳಲ್ಲಿ ಈ ಮಾತನ್ನಾಡುವವರು ಎದುರಿನವರ ತಂದೆಯ ಕ್ಷೇಮಸಮಾಚಾರ ವಿಚಾರಿಸಿಕೊಂಡು ಮುಂದುವರಿಯತಕ್ಕದ್ದು.

ಸಿದ್ಧಾಂತ

ದಾರಿಯ ಜಗಳಕ್ಕೆ ಮಹಾಭಾರತ ಎರಡು ಪೂರ್ವನಿದರ್ಶನ ಕೊಟ್ಟಿದೆ. ಆದಿಪರ್ವದಲ್ಲಿ, ಒಬ್ಬರಷ್ಟೇ ಹೋಗಬಹುದಾದ ಕಾಡುದಾರಿಯಲ್ಲಿ ಕಲ್ಮಾಷಪಾದ ರಾಜನಿಗೆ ವಸಿಷ್ಠರ ಹಿರಿಮಗ ಶಕ್ತಿ ಎದುರಾದ. ಇಬ್ಬರೂ ಸರಿಯಲಿಲ್ಲ. ರಾಜ ಚಾವಟಿಯಿಂದ ಹೊಡೆದ. ಕೈಯಲ್ಲಿ ಚಾವಟಿ ಇದ್ದುದರಿಂದ ಅವನನ್ನು ಉದ್ದಪಂಥಕ್ಕೆ ಸೇರಿಸಲು ಅಡ್ಡಿಯಿಲ್ಲ. ಶಕ್ತಿ, ನರಭಕ್ಷಕನಾಗು ಎಂದು ಶಪಿಸಿದ. ಹಾಗೇ ಆಗಿಹೋದ ರಾಜ ಮೊದಲು ತಿಂದದ್ದು ಶಪಿಸಿದವನನ್ನೇ. ಶಕ್ತಿ ವಾದದಲ್ಲಿ ಗೆದ್ದಿದ್ದ ಎಂಬುದನ್ನು ದಾಖಲಿಸಬೇಕು. ವನಪರ್ವದಲ್ಲಿ, ಯಜ್ಞಕ್ಕೆ ನಡೆದು ಹೊರಟಿದ್ದ ಬಾಲಕ ಅಷ್ಟಾವಕ್ರನಿಗೆ ಜನಕ ಮಹಾರಾಜ ಎದುರಾದ. ದಾರಿಯ ಮೇಲೆ ಕುರುಡರಿಗೆ, ಕಿವುಡರಿಗೆ, ಹೆಂಗಸರಿಗೆ, ಹೊರೆಯವರಿಗೆ ಹಕ್ಕು ಎಂದು ಹುಡುಗ ಪಟ್ಟಿ ಒಪ್ಪಿಸಿದ. ರಾಜನ ಹೆಸರು ಅವರೆಲ್ಲರ ನಂತರ ಬಂತು, ಬ್ರಾಹ್ಮಣ ಎದುರಾದರೆ ಅದೂ ಇಲ್ಲವೆಂದ. ಜನಕ ಪಕ್ಕಕ್ಕೆ ಸರಿದ. ಯಾರೂ ಯಾರನ್ನೂ ತಿನ್ನಲಿಲ್ಲ.

ಆಧುನಿಕ ಶಾಸ್ತ್ರವೂ ಜನಕನ ಕಡೆಗೇ ಇದೆ. 2017ರ ಮೋಟಾರು ವಾಹನ ಚಾಲನಾ ನಿಯಮಾವಳಿಯಂತೆ, ಸಿಗ್ನಲ್ ಆಗಲಿ ಪೊಲೀಸರಾಗಲಿ ಇಲ್ಲದ ರಸ್ತೆದಾಟು ಬಂದಾಗ ಚಾಲಕ ವೇಗ ಇಳಿಸಿ, ನಿಂತು, ದಾಟುವವರಿಗೆ ದಾರಿ ಬಿಡಬೇಕು. ಹಾರನ್ ಹೊಡೆದವರಿಗೆ ವಿನಾಯಿತಿ ಇಲ್ಲ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಫುಟ್‌ಪಾತ್ ಬಳಸುವ ಹಕ್ಕು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನಲ್ಲೇ ಸೇರಿದೆ ಎಂದಿತು. ಅಂದರೆ ಅಜ್ಜಿಯ ಮತ್ತು ಸ್ಕೂಟರಿನ ಪ್ರಕರಣದಲ್ಲಿ ವಿವಾದವೇ ಇರಲಿಲ್ಲ. ತೀರ್ಪು ಎಂದೋ ಬಂದಿದೆ. ಓದಿಕೊಳ್ಳಲು ಯಾರಿಗೂ ಪುರುಸೊತ್ತಿಲ್ಲ.

ಕಡೆಯದಾಗಿ ಒಂದು ಲೆಕ್ಕ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ, 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 32,825 ಮಂದಿ ನಡೆದು ಹೋಗುತ್ತಿದ್ದವರು. ಬಹುಪಾಲು ಎಲ್ಲರೂ ಮನೆಯಲ್ಲಿ ಹೇಳಿಯೇ ಬಂದಿದ್ದರು. ಇಬ್ಬರಲ್ಲಿ ಬ್ರೇಕ್ ಇರುವುದು ಒಬ್ಬರ ಹತ್ತಿರ ಮಾತ್ರ. ನಿಲ್ಲಬೇಕಾದವರೂ ಅವರೇ.