ಬಜೆಟ್ಟಿನಲ್ಲಿ ರೊಕ್ಕ ಇದ್ದರೆ ಕರೀರಿ

ದಿಲ್ಲಿಯಲ್ಲಿ ರಿಸರ್ವ್ ಪಟ್ಟಿ ಕಾಯುವ ದೊಡ್ಡ ಸಾಹೇಬರಿಗೆ,

ಇಟಿಕ್ಯಾಲದಿಂದ ಮಾಜಿ ಹವಾಲ್ದಾರನೊಬ್ಬನ ಸೆಲ್ಯೂಟ್. 17 ವರ್ಷ ಕಲರ್ ಸರ್ವಿಸ್ ಮುಗಿಸಿ, ಅದರ ಮೇಲಿನ 2 ವರ್ಷ ರಿಸರ್ವಿನಲ್ಲಿ ತಮ್ಮ ಕರೆಗೆ ಕಾದು ಕೂತು, ಆ ಗಡುವೂ ದಾಟಿ ಈಗ ಮೆಣಸಿನಕಾಯಿ ಹೊಲ ಕಾಯುತ್ತಿರುವವ ನಾನು. ತಾವು ನನ್ನನ್ನು ಮರೆತಿರಿ ಎಂಬ ದೂರು ಇದಲ್ಲ. ತಮಗೆ ನಮ್ಮ ನೆನಪಾಗುವ ರೀತಿಯ ಬಗ್ಗೆ ಒಂದೆರಡು ಅರಿಕೆ.

2025ರ ಮೇ 9ಕ್ಕೆ, ಪಾಕಿಸ್ತಾನದ ಜೊತೆ ಕಾಳಗ ನಡೆದಿದ್ದಾಗ, ಟಿವಿಯಲ್ಲಿ ಸುದ್ದಿ ಬಂತು: ಟೆರಿಟೋರಿಯಲ್ ಆರ್ಮಿ ಎಂಬ ಅರೆಕಾಲಿಕ ಪಡೆಯನ್ನು ಕರೆಸಿಕೊಳ್ಳಲು ಸೇನಾ ಮುಖ್ಯಸ್ಥರಿಗೆ ಸರ್ಕಾರ ಅಧಿಕಾರ ಕೊಟ್ಟಿದೆ. ನಾನು ಟೆರಿಟೋರಿಯಲ್‌ನವನಲ್ಲ. ಆದರೆ ಊರಿಗೆ ಆ ಫರಕು ಯಾಕೆ? ವಾಟ್ಸಾಪಿನಲ್ಲಿ ಅದು ಊರು ಸುತ್ತಿ ಬರುವಷ್ಟರಲ್ಲಿ ‘ಮಾಜಿ ಸೈನಿಕರೆಲ್ಲ ವಾಪಸ್’ ಎಂದಾಗಿತ್ತು. ಚಹಾದಂಗಡಿಯವ ರೊಕ್ಕ ಮುಟ್ಟಲಿಲ್ಲ. ವರ್ಷಗಟ್ಟಲೆ ಬದುವಿಗಾಗಿ ಜಗಳ ತೆಗೆದಿದ್ದ ಬಾಜು ಹೊಲದವ, ‘ಬದು ನಿಂದೇ ಇರಲಿ ಬಿಡಣ್ಣ’ ಎಂದ. ನಾನೂ ಉಬ್ಬಿ ಟ್ರಂಕಿನಿಂದ ಡಿಎಂಎಸ್ ಬೂಟು ತೆಗೆದೆ, ಪಾಲಿಶ್ ಹೊಡೆದೆ, ಅಂಗಳದಲ್ಲಿ ತೇಜ್ ಚಲ್ ಶುರು ಮಾಡಿದೆ. ನಾಲ್ಕನೇ ಹೆಜ್ಜೆಗೆ ಎಡಗಾಲಿನ ಅಟ್ಟೆ ತುಳಸಿಕಟ್ಟೆಯ ಹತ್ತಿರವೇ ನಿಂತಿತು, ನಾನು ಮುಂದೆ ಹೋಗಿದ್ದೆ. ಮರುದಿನ ಸಂಜೆ ಕದನವಿರಾಮ. ಅದರ ಮರುದಿನ ಚಹಾದವ ಹಿಂದಿನದ್ದೂ ಸೇರಿಸಿ ಲೆಕ್ಕ ಹಚ್ಚಿದ. ಬದುವಂತೂ ಮತ್ತೆ ಬಾಜು ಹೊಲದವನದೇ ಆಯಿತು.

ಆಮೇಲೆ ಪುರುಸೊತ್ತಿನಲ್ಲಿ ಆ ಆದೇಶ ಓದಿದೆ. ಟೆರಿಟೋರಿಯಲ್ ಆರ್ಮಿಯ 1948ರ ನಿಯಮಾವಳಿ, 33ನೇ ನಿಯಮ. 32 ಇನ್‌ಫೆಂಟ್ರಿ ಬೆಟಾಲಿಯನ್ನುಗಳಲ್ಲಿ 14ಕ್ಕೆ ಕರೆ. ಆದೇಶ ಬರೆದದ್ದು ಮೇ 6ಕ್ಕೆ, ಜಾರಿಯಾದದ್ದು ಫೆಬ್ರವರಿ 10ರಿಂದ! ರಜೆ ಮುಗಿದು ಒಂದು ದಿನ ತಡವಾಗಿ ಯೂನಿಟ್ಟಿಗೆ ಹೋದರೆ ನಮ್ಮ ಟೋಪಿ-ಬೆಲ್ಟು ತೆಗೆಸಿ ಸಾಹೇಬರ ಮುಂದೆ ನಿಲ್ಲಿಸುತ್ತಿದ್ದಿರಿ. ಮೂರು ತಿಂಗಳು ತಡವಾದವರ ಬೆಲ್ಟು ಯಾರು ತೆಗೆಸುತ್ತಾರೆ?

ಕೊನೆಯ ಕಲಮು ಇನ್ನೂ ರುಚಿಯಾಗಿದೆ. ಬಜೆಟ್ಟಿನಲ್ಲಿ ದುಡ್ಡಿದ್ದರೆ, ಇಲ್ಲವೇ ಒಳಗಿನ ಉಳಿತಾಯದಲ್ಲಿ ಹೊಂದಿಸಿದರೆ ಮಾತ್ರ ಕರೆಯತಕ್ಕದ್ದು. ಬೇರೆ ಇಲಾಖೆಯವರು ಕೇಳಿ ಕರೆಸಿಕೊಂಡರೆ ಖರ್ಚು ಅವರ ತಲೆಗೆ. ನಮ್ಮೂರಲ್ಲಿ ಬಾಡಿಗೆ ಟ್ರ್ಯಾಕ್ಟರಿಗೂ ಇದೇ ಕರಾರು ಸಾಹೇಬರೇ: ಯಾರು ಕರೆಸಿದರೋ ಡೀಸೆಲ್ ಅವರದು. ಗಡಿಯಾಚೆಯವರಿಗೆ ಈ ಕಲಮು ಗೊತ್ತಾಗದಂತೆ ನೋಡಿಕೊಳ್ಳಿ. ಮಾರ್ಚ್ ಕೊನೆಯಲ್ಲೇ ದಾಳಿ ಇಟ್ಟುಕೊಂಡಾರು.

ಇನ್ನು ನನ್ನ ವಿಳಾಸ. ಭರ್ತಿಯಾದಾಗ ಬರೆಸಿದ್ದು ಮಹಬೂಬ್‌ನಗರ ಜಿಲ್ಲೆ, ಆಂಧ್ರಪ್ರದೇಶ. 2014ರಲ್ಲಿ ರಾಜ್ಯ ತೆಲಂಗಾಣ ಆಯಿತು, 2016ರಲ್ಲಿ ಜಿಲ್ಲೆ ಜೋಗುಳಾಂಬ ಗದ್ವಾಲ ಆಯಿತು. ನಮ್ಮ ಅಜ್ಜನ ಕಾಲಕ್ಕೆ ಗದ್ವಾಲ, ಆಲಂಪುರ ಎರಡೂ ರಾಯಚೂರು ಜಿಲ್ಲೆಯ ತಾಲೂಕುಗಳು. 1956ರಲ್ಲಿ ಆಚೆ ಹೋದವು. ಮನೆ ಮಾತ್ರ ಕೃಷ್ಣಾ-ತುಂಗಭದ್ರೆಯ ನಡುವಿನ ನಡಿಗಡ್ಡೆಯಲ್ಲಿ ಇದ್ದಲ್ಲೇ ಇದೆ. ಕನ್ನಡದ ಲೆಕ್ಕದಲ್ಲಿ ನಾವೆಲ್ಲ ಆವತ್ತಿನಿಂದಲೇ ರಿಸರ್ವಿನಲ್ಲಿದ್ದೇವೆ. ನವೆಂಬರ್ ಬಂದಾಗ ಭಾಷಣದಲ್ಲಿ ಹೆಸರು ಕೂಗುತ್ತಾರೆ, ಆಮೇಲೆ ಡಿಸ್‌ಮಿಸ್. ತಮ್ಮ ಕರೆಯೋಲೆ ಅಮರಾವತಿ ಸುತ್ತಿಕೊಂಡು ಬಂದರೆ ಪೋಸ್ಟ್‌ಮ್ಯಾನಿನ ತಪ್ಪೆಂದು ಬರೆಯಬೇಡಿ.

ಇನ್ನೊಂದು ಸಂಗತಿ. ಯುದ್ಧಕ್ಕೆ ಕರೆಯುವಾಗ ‘ಬದುಕಿದ್ದೀಯಾ’ ಎಂದು ಯಾರೂ ಕೇಳುವುದಿಲ್ಲ, ಬದುಕಿದ್ದಾನೆಂದೇ ನಂಬಿ ಕರೆಯುತ್ತಾರೆ. ಪೆನ್ಶನ್ನಿಗೆ ಮಾತ್ರ ವರ್ಷಕ್ಕೊಮ್ಮೆ ಜೀವಂತ ಇರುವುದಕ್ಕೆ ಪುರಾವೆ. ಕಾಯಿ ಬಿಡಿಸಿ ಸವೆದ ಹೆಬ್ಬೆರಳನ್ನು ಮಷೀನು ಒಪ್ಪದೆ ಕೆಂಪು ದೀಪ ತೋರಿಸಿದಾಗ, ಎದುರಿಗೆ ಕೂತ ಹುಡುಗ ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಅಂಕಲ್, ಸರಿಯಾಗಿ ಒತ್ತಿ’ ಎಂದ. ಟ್ರಿಗರ್ ಒತ್ತಿದ ಬೆರಳಪ್ಪಾ ಅದು ಎಂದೆ. ಅದಕ್ಕೂ ಕೆಂಪು ದೀಪವೇ.

ನಮ್ಮವರು ಕರೆದರೆ ಬರುತ್ತಾರೆ, ಅದರಲ್ಲಿ ಅನುಮಾನ ಬೇಡ. 2022ರ ಸೆಪ್ಟೆಂಬರಿನಲ್ಲಿ ಪುಟಿನ್ 3 ಲಕ್ಷ ಮೀಸಲಿನವರನ್ನು ಕರೆದಾಗ ಜಾರ್ಜಿಯಾ ಗಡಿಯಲ್ಲಿ ಓಡಿಹೋಗುವವರ ಕಾರುಗಳ ಸಾಲು ಹತ್ತಿತ್ತು. ಇಲ್ಲಿ ಕರೆಯದಿದ್ದರೂ ಟ್ರಂಕು ತೆಗೆಯುತ್ತೇವೆ. 2021ರ ಮೇ ತಿಂಗಳಲ್ಲಿ, ಕೋವಿಡ್ ಕುತ್ತಿಗೆಗೆ ಬಂದಾಗ, ಸೇನೆ ಬಿಟ್ಟಿದ್ದ 400 ವೈದ್ಯರನ್ನು ಮರಳಿ ತೆಗೆದುಕೊಳ್ಳಲು ಹೊರಟಿರಿ. ಎಷ್ಟು ಕಾಲಕ್ಕೆ? ಹೆಚ್ಚೆಂದರೆ 11 ತಿಂಗಳ ಕರಾರು. ಹೈದರಾಬಾದಿನಲ್ಲಿ ಬಾಡಿಗೆ ಮನೆಯ ಕರಾರೂ 11 ತಿಂಗಳದೇ.

ಆದರೆ ಇನ್ನು ಮುಂದೆ ಯಾರನ್ನು ಕರೀತೀರಿ? 2022ರಲ್ಲಿ ಅಗ್ನಿಪಥ ಎಂಬ ಭರ್ತಿ ಯೋಜನೆ ತಂದಿರಿ. ಆ ಜೂನ್ 17ಕ್ಕೆ ಅದರ ವಿರುದ್ಧದ ಗಲಾಟೆಯಲ್ಲಿ ಸಿಕಂದರಾಬಾದ್ ಸ್ಟೇಷನ್ನಿನಲ್ಲಿ ರೈಲಿಗೆ ಬೆಂಕಿ ಬಿತ್ತು, ಪೊಲೀಸರ ಗುಂಡಿಗೆ ಒಬ್ಬ ಹುಡುಗ ಸತ್ತ. ಸೈನ್ಯ ಸೇರಬೇಕೆಂದು ನಸುಕಿನಲ್ಲಿ ಓಡುತ್ತಿದ್ದ ಹುಡುಗರು ಅವರು, ನಮ್ಮ ಹೆದ್ದಾರಿಯ ಪಕ್ಕದಲ್ಲೂ ಅಂಥವರು ಓಡುತ್ತಾರೆ. ಆ ಮಾತಿಗೆ ನನಗೆ ನಗು ಬರುವುದಿಲ್ಲ. ನಾಲ್ಕು ವರ್ಷದ ನೌಕರಿ, ನೂರರಲ್ಲಿ ಹೆಚ್ಚೆಂದರೆ ಇಪ್ಪತ್ತೈದು ಮಂದಿಗೆ ಮುಂದುವರಿಕೆ. ಉಳಿದವರಿಗೆ ಪೆನ್ಶನ್ ಇಲ್ಲ, ಕ್ಯಾಂಟೀನ್ ಇಲ್ಲ, ‘ಮಾಜಿ ಸೈನಿಕ’ ಎಂಬ ಹೆಸರೂ ಇಲ್ಲ. ನಾಳೆ ತಾವು ‘ಮಾಜಿ ಸೈನಿಕರೇ, ಬನ್ನಿ’ ಎಂದು ಕೂಗಿದಾಗ ಅವರು, ‘ಸಾಬ್, ನಾವು ಮಾಜಿ ಸೈನಿಕರಲ್ಲ, ತಮ್ಮದೇ ಕಾಗದ ನೋಡಿ’ ಎಂದರೆ?

ಹಾಗಾಗಿ ಸದ್ಯಕ್ಕೆ ನಾನೇ ಗತಿ. ರೇಲ್ವೆ ವಾರಂಟು ಗದ್ವಾಲದಿಂದ ಕೊಡಿ. ಕಾಯಿ ಬಿಡಿಸುವ ಫೆಬ್ರವರಿಯಲ್ಲಿ ಮಾತ್ರ ಯುದ್ಧ ಬೇಡ, ಆಗ ಆಳು ಸಿಗುವುದಿಲ್ಲ. ಫೆಬ್ರವರಿಯಲ್ಲೇ ಬೇಕಾದರೆ ಮೇ ತಿಂಗಳಲ್ಲಿ ಬರೆದು ಹಿಂದಿನ ತಾರೀಖು ಹಾಕಿಕೊಳ್ಳಿ, ತಮಗೆ ರೂಢಿಯಿದೆ.

ಇಂತಿ ತಮ್ಮ ವಿಧೇಯ,
ಮಾಜಿ ಹವಾಲ್ದಾರ್ (ಹೆಬ್ಬೆರಳು ಒಪ್ಪಿದರೆ ಜೀವಂತ), ಇಟಿಕ್ಯಾಲ