ಮೆರಿಟ್ ಪ್ರೊಫೆಸರ್

ಮೆರಿಟ್ ಪ್ರೊಫೆಸರ್ ಎಂಬುವರು ದೇಶದ ವಿಜ್ಞಾನ ವಿಭಾಗಗಳಲ್ಲೆಲ್ಲ ಕಾಣಸಿಗುತ್ತಾರೆ. ವಯಸ್ಸು ಐವತ್ತೈದರ ಆಸುಪಾಸು; ಆಯ್ಕೆ ಸಮಿತಿಯ ಒಂದು ಕುರ್ಚಿ ಇವರಿಗೇ ಮೀಸಲು. “ಗಂಡು ಹೆಣ್ಣು ಅಂತ ಭೇದ ನನಗಿಲ್ಲಪ್ಪ, ನಾನು ನೋಡೋದು ಮೆರಿಟ್ ಒಂದೇ” ಎಂಬ ಮಾತಿನಿಂದ ಇವರನ್ನು ಗುರುತಿಸಬಹುದು. ಮಾತಿನಲ್ಲಿ ಕಪಟವಿಲ್ಲ. ಅವರು ಅದನ್ನು ಮನಸಾರೆ ನಂಬಿರುವುದರಿಂದಲೇ ಯಾರೂ ಏನೂ ಹೇಳುವಂತಿಲ್ಲ.

ಸಂದರ್ಶನಕ್ಕೆ ಹುಡುಗ ಬಂದರೆ ಇವರು ಕೇಳುವುದು ಅವನ ಪ್ರಯೋಗದ ವಿಚಾರ. ಹುಡುಗಿ ಬಂದರೆ, “ಯಜಮಾನ್ರು ಎಲ್ಲಿ ಕೆಲಸದಲ್ಲಿದ್ದಾರಮ್ಮ?” ಮದುವೆಯಾಗಿಲ್ಲದಿದ್ದರೆ ಆಗಿಬಿಡುತ್ತದಲ್ಲ ಎಂಬ ಚಿಂತೆ, ಆಗಿದ್ದರೆ ಮಗುವಿನದು, ಮಗುವಿದ್ದರೆ ಎರಡನೆಯದರದು. “ಲ್ಯಾಬಲ್ಲಿ ರಾತ್ರಿ ಹನ್ನೊಂದಾಗುತ್ತೆ, ಪಾಪ, ಆಕೆಗ್ಯಾಕೆ ತೊಂದರೆ” ಎಂದು ಅವಳ ಪರವಾಗಿ ತಾವೇ ಯೋಚಿಸಿ, ಕೆಲಸವನ್ನು ಹುಡುಗನಿಗೆ ಕೊಟ್ಟು, ಹೆಣ್ಣುಮಗಳೊಬ್ಬಳಿಗೆ ಉಪಕಾರ ಮಾಡಿದ ಸಮಾಧಾನದಲ್ಲಿ ಕಾಫಿ ಕುಡಿಯುತ್ತಾರೆ. ಹೆರಿಗೆಗೆಂದು ಎರಡು ವರ್ಷ ಬಿಟ್ಟವಳ ಬಯೋಡೇಟಾದಲ್ಲಿ ಇವರಿಗೆ ಮೊದಲು ಕಾಣುವುದು “ಗ್ಯಾಪ್”. ತಾವು ಕುಲಸಚಿವರಾಗಿದ್ದ ಮೂರು ವರ್ಷ ಒಂದೂ ಪೇಪರ್ ಬರೆಯದಿದ್ದುದು ಗ್ಯಾಪ್ ಅಲ್ಲ, ಸಂಸ್ಥೆಯ ಸೇವೆ.

ಇವರ ಶಿಫಾರಸು ಪತ್ರಗಳಲ್ಲಿ ಶಿಷ್ಯ “ಅಸಾಧಾರಣ ಪ್ರತಿಭಾವಂತ”. ಶಿಷ್ಯೆಯಾದರೆ ಶ್ರದ್ಧಾವಂತೆ, ವಿನಯಶೀಲೆ, ಎಲ್ಲರೊಡನೆ ಹೊಂದಿಕೊಂಡು ಹೋಗುವವಳು. ಪತ್ರವನ್ನು ಹಾಗೇ ವಧೂವರರ ಕೇಂದ್ರಕ್ಕೆ ಕಳಿಸಿದರೂ ನಡೆಯುತ್ತದೆ.

2012ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಒಂದೇ ಅರ್ಜಿಗೆ ಕೆಲವೆಡೆ ಜಾನ್, ಕೆಲವೆಡೆ ಜೆನಿಫರ್ ಎಂದು ಹೆಸರಿಟ್ಟು 127 ಮಂದಿ ವಿಜ್ಞಾನ ಅಧ್ಯಾಪಕರಿಗೆ ತೋರಿಸಿದರು. ಆ ಅಧ್ಯಾಪಕರು ಸರಾಸರಿಯಲ್ಲಿ ಜಾನ್‌ಗೆ ವರ್ಷಕ್ಕೆ ಸುಮಾರು 30,000 ಡಾಲರ್ ಸಂಬಳ ಸೂಚಿಸಿದರೆ ಜೆನಿಫರ್‌ಗೆ ಸೂಚಿಸಿದ್ದು 26,500ರ ಆಸುಪಾಸು. ಮಹಿಳಾ ಅಧ್ಯಾಪಕರೂ ಜಾನ್ ಕಡೆಗೇ ವಾಲಿದ್ದರು. ಮೆರಿಟ್ ಪ್ರೊಫೆಸರಿಗೆ ಈ ಅಧ್ಯಯನದಲ್ಲಿ ನೆನಪಿರುವುದು ಈ ಕೊನೆಯ ಅಂಶವೊಂದೇ. ಉಳಿದದ್ದಕ್ಕೆ “ಸ್ಯಾಂಪಲ್ ಸಾಲದು” ಎನ್ನುತ್ತಾರೆ. ಅವರದೇ ಪ್ರಸಿದ್ಧ ಪೇಪರ್ ನಿಂತಿರುವುದು ಆರು ಇಲಿಗಳ ಮೇಲೆ.

ಮಾರ್ಚ್ 8ರ ಮಹಿಳಾ ದಿನದಂದು ಮುಖ್ಯ ಭಾಷಣ ಇವರದೇ. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರು ಹೆಣ್ಣೆಂಬ ಕಾರಣಕ್ಕೆ ಕಮಲಾ ಸೊಹೋನಿಯವರನ್ನು ಮೊದಲು ಸೇರಿಸಿಕೊಳ್ಳದ್ದು, ಆಕೆ ಪಟ್ಟು ಬಿಡದ್ದು, ಒಂದು ವರ್ಷದ ಪರೀಕ್ಷಾವಧಿಯ ಷರತ್ತಿಗೆ ಒಳಪಟ್ಟು ಸೇರಿ ಮುಂದೆ 1939ರಲ್ಲಿ ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದದ್ದು, ಎಲ್ಲವನ್ನೂ ಕಣ್ಣಂಚು ಒದ್ದೆಯಾಗುವಂತೆ ಹೇಳುತ್ತಾರೆ. “ಎಂಥಾ ಕಾಲ ನೋಡಿ ಅದು!” ಎಂದು ನಿಟ್ಟುಸಿರಿಡುತ್ತಾರೆ. ಅಂದಿನ ಪ್ರಾರ್ಥನೆ, ನಿರೂಪಣೆ, ಹಾರ ತರಿಸುವುದು, ಊಟದ ಉಸ್ತುವಾರಿ ವಿಭಾಗದ ಇಬ್ಬರು ಮೇಡಂಗಳದು. ಅಂದು ಅವರಿಬ್ಬರ ಲ್ಯಾಬಿಗೆ ಬೀಗ.

ನಿವೃತ್ತಿಯ ನಂತರ ಇವರು ಬೇರೆ ವಿಶ್ವವಿದ್ಯಾಲಯಗಳಿಗೆ ವಿಷಯ ತಜ್ಞರಾಗಿ ಹೋಗುತ್ತಾರೆ. ಟಿಎ, ಡಿಎ ಫಾರಂಗೆ ಸಹಿ ಹಾಕುತ್ತಾ, “ಒಳ್ಳೆ ಹೆಣ್ಣುಮಕ್ಕಳು ಅರ್ಜೀನೇ ಹಾಕೋದಿಲ್ಲ ಕಣ್ರೀ” ಎಂದು ಬೇಸರಪಟ್ಟುಕೊಳ್ಳುತ್ತಾರೆ.