ಇಳಿತದ ಹೊತ್ತಿಗೆ ಕಯಾಕ್

ಪಾತಿ ದೋಣಿ ಇರುವಾಗ ಆ ಹಳದಿ ಪ್ಲಾಸ್ಟಿಕ್ ಕಯಾಕ್ ಯಾಕೆ ಅಂತ ಕೇಳಿದಿರಲ್ಲ ಮಾಸ್ತರೇ, ಕೇಳಬೇಕಾದ ಮಾತೇ ಅದು. ಚೀಲ ಹೀಗೆ ದಣಪೆಯ ಮೇಲಿಡಿ, ಕುಮಟೆ ಬಸ್ಸಿಗೆ ಇನ್ನೂ ಹೊತ್ತಿದೆ.

ಪಾತಿ ದೋಣಿಯಲ್ಲಿ ಕೂತು ಹಕ್ಕಿಗಳ ಫೋಟೋ ತೆಗೆಯಬಾರದು ಅಂತೇನಿಲ್ಲ. ಆದರೆ ಅಲ್ಲಿ ಹುಟ್ಟು ಹಾಕುವವನೊಬ್ಬ, ಕ್ಯಾಮೆರಾ ಹಿಡಿಯುವವನೊಬ್ಬ. ಎಲ್ಲಿ ನಿಲ್ಲಬೇಕು, ಎಲ್ಲಿ ತಿರುಗಬೇಕು ಅಂತ ಒಬ್ಬರಿಗೊಬ್ಬರು ಹೇಳುವಷ್ಟರಲ್ಲಿ ಹಕ್ಕಿ ಆಚೆ ದಡ ಸೇರಿರುತ್ತದೆ. ಕಯಾಕಿನಲ್ಲಿ ಎರಡೂ ಕೆಲಸ ಒಬ್ಬನದೇ. ಜೊತೆಗೆ ಅದಕ್ಕೆ ಅರ್ಧ ಅಡಿ ನೀರಿದ್ದರೆ ಸಾಕು, ಗಜನಿ ಗದ್ದೆಯ ಕಟ್ಟೆಯ ಪಕ್ಕದ ಸಣ್ಣ ಕಾಲುವೆಗೂ ನುಗ್ಗುತ್ತದೆ.

ಇನ್ನೊಂದು ಲಾಭ ಇದೆ, ನನಗೆ ಅದೇ ದೊಡ್ಡದು. ದಂಡೆಯಲ್ಲಿ ನಿಂತು ಬೆಳ್ಳಕ್ಕಿಯ ಫೋಟೋ ತೆಗೆದರೆ ಕ್ಯಾಮೆರಾ ಮೇಲಿಂದ ಕೆಳಗೆ ನೋಡುತ್ತದೆ. ಹಕ್ಕಿಯ ಹಿಂದೆ ಒಂದು ಮೊಳ ದೂರದಲ್ಲೇ ಕೆಸರು. ಅಲ್ಲಿ ಬಿದ್ದ ಎಲೆ, ಕಡ್ಡಿ, ಹಾಲಿನ ತೊಟ್ಟೆ ಎಲ್ಲವೂ ಹಕ್ಕಿಯಷ್ಟೇ ಸ್ಪಷ್ಟವಾಗಿ ಮೂಡುತ್ತವೆ. ಕಯಾಕಿನಲ್ಲಿ ಕೂತರೆ ಲೆನ್ಸು ನೀರಿನಿಂದ ಎರಡಡಿ ಮೇಲಿದ್ದರೆ ಹೆಚ್ಚು. ಆಗ ಹಕ್ಕಿಯ ಹಿಂದೆ ಕಾಣುವುದು ಆಚೆ ದಡದ ಕಾಂಡ್ಲಾ ಗಿಡಗಳ ಸಾಲು. ಅದು ಫೋಕಸ್ಸಿನಿಂದ ಬಹಳ ದೂರ ಇರುವುದರಿಂದ ಬರೀ ಹಸಿರಾಗಿ ಕರಗುತ್ತದೆ, ಹಕ್ಕಿಯೊಂದೇ ಉಳಿಯುತ್ತದೆ. ಅದರ ಕಣ್ಣು, ನಮ್ಮ ಕಣ್ಣು ಒಂದೇ ಮಟ್ಟದಲ್ಲಿರುತ್ತವೆ. ಗೊರವ ಕೆಸರಿನಲ್ಲಿ ಹುಳ ಹೆಕ್ಕುವುದನ್ನು ಆ ಮಟ್ಟದಿಂದ ನೋಡಿ ಮಾಸ್ತರೇ, ಬೆರಳುದ್ದದ ಅಲೆಯೂ ಅದಕ್ಕೆ ಎಷ್ಟು ದೊಡ್ಡದು ಅಂತ ಆಗ ಗೊತ್ತಾಗುತ್ತದೆ.

ಕಯಾಕ್ ಹುಟ್ಟಿದ್ದೇ ಬೇಟೆಗೆ. ಉತ್ತರ ಧ್ರುವದ ಕಡೆಯ ಇನುಯಿಟ್ ಜನ ಕಟ್ಟಿಗೆ, ಮೂಳೆಗಳ ಚೌಕಟ್ಟಿಗೆ ಸೀಲ್ ಚರ್ಮ ಬಿಗಿದು ಮಾಡಿಕೊಂಡ ದೋಣಿ ಅದು. ಸದ್ದಿಲ್ಲದೆ ಸೀಲಿನ ಹತ್ತಿರ ಹೋಗಬೇಕು, ಈಟಿ ಎಸೆಯಬೇಕು, ಅದಕ್ಕಾಗಿ. ದೋಣಿಯಲ್ಲಿ ಈಟಿ, ಬಂದೂಕಿನ ಜಾಗಕ್ಕೆ ಕ್ಯಾಮೆರಾ ಬಂದ ಕತೆಯೂ ಹಳೆಯದೇ. ಅಮೆರಿಕದ ಮಿಷಿಗನ್ನಿನಲ್ಲಿ ಜಾರ್ಜ್ ಶೈರಾಸ್ ಅಂತ ಒಬ್ಬರಿದ್ದರು, ಮೊದಲು ಬೇಟೆಗಾರ. ರಾತ್ರಿ ದೋಣಿಯ ಮೂತಿಗೆ ದೀಪ ಇಟ್ಟುಕೊಂಡು ಸರೋವರದಲ್ಲಿ ಸಾಗಿದರೆ ದಡದ ಜಿಂಕೆ ಬೆಳಕನ್ನೇ ನೋಡುತ್ತ ನಿಂತುಬಿಡುತ್ತದೆ. ಅಲ್ಲಿನ ಮೂಲನಿವಾಸಿಗಳಾದ ಒಜಿಬ್ವೆ ಜನರ ಬೇಟೆಯ ವಿದ್ಯೆ ಅದು. ಶೈರಾಸ್ ಅದೇ ವಿದ್ಯೆ ಹಿಡಿದು, ಗುಂಡಿನ ಬದಲು ಮೆಗ್ನೀಸಿಯಂ ಪುಡಿ ಸಿಡಿಸಿ ಆ ಬೆಳಕಿನಲ್ಲಿ ಫೋಟೋ ತೆಗೆದರು. 1906ರ ಜುಲೈಯಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ಅವರ 74 ಚಿತ್ರಗಳನ್ನು ಒಂದೇ ಸಂಚಿಕೆಯಲ್ಲಿ ಅಚ್ಚು ಮಾಡಿತು. ವಲಸೆ ಹಕ್ಕಿಗಳನ್ನು ಕಾಯಲು ಕಾನೂನು ಬೇಕು ಅಂತ 1904ರಲ್ಲೇ ಅಮೆರಿಕದ ಸಂಸತ್ತಿನಲ್ಲಿ ಮಸೂದೆ ಮಂಡಿಸಿದವರೂ ಅವರೇ. ನನಗೆ ಅವರ ಮೇಲೆ ತುಂಬ ಗೌರವ. ಹಾಗಂತ ಈ ಕಾಲದಲ್ಲಿ ರಾತ್ರಿ ಕಾಂಡ್ಲಾದೊಳಗೆ ಹೋಗಿ ಮಲಗಿದ ಹಕ್ಕಿಯ ಮುಖಕ್ಕೆ ಫ್ಲಾಶ್ ಹೊಡೆಯುವುದನ್ನು ನಾನು ಒಪ್ಪುವುದಿಲ್ಲ. ಕತ್ತಲಲ್ಲೂ ಬಣ್ಣ ಹಿಡಿಯುವ ಕ್ಯಾಮೆರಾಗಳು ಬಂದಿವೆ, ಬೆಳಗಿನ ಬೆಳಕು ಎಲ್ಲಿಗೂ ಓಡಿಹೋಗುವುದಿಲ್ಲ.

ಹತ್ತಿರ ಹೋಗುವುದು ಹೇಗೆ ಅಂತಲಾ? ಅದನ್ನು ನನಗೆ ಕಲಿಸಿದವರು ನಮ್ಮ ಹೊಳೆಯಲ್ಲಿ ಬಳಚು ಚಿಪ್ಪು ಆರಿಸುವ ಹೆಂಗಸರು. ನೀವೂ ನೋಡಿದ್ದೀರಿ, ಇಳಿತದಲ್ಲಿ ಅವರು ಬಗ್ಗಿ ಕೆಸರು ಕೆದಕುತ್ತಿರುವಾಗ ಬೆಳ್ಳಕ್ಕಿ ಅವರ ಪಕ್ಕದಲ್ಲೇ ನಿಂತಿರುತ್ತದೆ, ಕೊಳದ ಬಕವೂ ಕದಲುವುದಿಲ್ಲ. ಅವರು ಹಕ್ಕಿಯನ್ನು ದಿಟ್ಟಿಸುವುದಿಲ್ಲ, ಅದರ ಕಡೆಗೆ ನೆಟ್ಟಗೆ ನಡೆಯುವುದೂ ಇಲ್ಲ. ತಮ್ಮ ಕೆಲಸ ಮಾಡುತ್ತ ನಿಧಾನಕ್ಕೆ ಸರಿಯುತ್ತಾರೆ. ಕಯಾಕಿನಲ್ಲೂ ಅಷ್ಟೆ. ಮೂತಿಯನ್ನು ಹಕ್ಕಿಯತ್ತ ನೆಟ್ಟು ಹೋದರೆ ಅದಕ್ಕೆ ನಾವು ಬೇಟೆಗಾರರೇ. ಓರೆಯಾಗಿ ಹೋಗಬೇಕು, ಹುಟ್ಟನ್ನು ಎತ್ತರಕ್ಕೆ ಬೀಸದೆ ನೀರಿನ ಹತ್ತಿರವೇ ಆಡಿಸಬೇಕು. ಕೊನೆಯ ದೂರವನ್ನು ಹುಟ್ಟು ಹಾಕದೆ ನೀರಿನ ಸೆಳೆತಕ್ಕೇ ಬಿಟ್ಟರೆ ಇನ್ನೂ ಒಳ್ಳೆಯದು. ತಪ್ಪಿಸಿಕೊಂಡು ಹಾರುವ ದಾರಿಯನ್ನು ಮಾತ್ರ ಎಂದೂ ಅಡ್ಡಗಟ್ಟಬಾರದು.

ಸಾಕು, ನಿಲ್ಲು ಅಂತ ಹಕ್ಕಿಯೇ ಹೇಳುತ್ತದೆ ಮಾಸ್ತರೇ. ಗರಿ ತಿದ್ದಿಕೊಳ್ಳುತ್ತಿದ್ದ ಬಕ ಅದನ್ನು ನಿಲ್ಲಿಸಿ ಕತ್ತು ನೀಳ ಮಾಡಿತು ಅಂದರೆ ನಾವು ಬಂದದ್ದು ಹೆಚ್ಚಾಯಿತು. ಮಿಂಚುಳ್ಳಿ ತಲೆ ಮೇಲೆ ಕೆಳಗೆ ಆಡಿಸಿ ಬಾಲ ಕುಣಿಸಿದರೂ ಅಷ್ಟೆ. ಮೈ ಮುಂದಕ್ಕೆ ಬಾಗಿಸಿ ಹಿಕ್ಕೆ ಹಾಕಿದರೆ ಇನ್ನೇನು ಹಾರಿತು ಅಂತಲೇ ಲೆಕ್ಕ. ಅದಕ್ಕೂ ಮೊದಲೇ ಹಿಂದೆ ಸರಿಯಬೇಕು. ಹಾಗೆ ಸರಿದು ಕಾಂಡ್ಲಾದ ಬೇರಿಗೆ ಕಯಾಕ್ ತಾಗಿಸಿ ಕೂತರೆ ಎಷ್ಟೋ ಸಲ ಹಕ್ಕಿಯೇ ಮೀನು ಹುಡುಕುತ್ತ ನಮ್ಮ ಹತ್ತಿರ ಬರುತ್ತದೆ. ಬೆದರಿ ಹಾರಿದ ಹಕ್ಕಿಯ ಬೆನ್ನಿನ ಫೋಟೋ ಎಷ್ಟು ಚೂಪಾಗಿದ್ದರೂ ನನಗೆ ಬೇಡ. ಸಾವಿರಾರು ಕಿಲೋಮೀಟರ್ ಹಾರಿ ಬಂದು ಇಲ್ಲಿ ಚಳಿಗಾಲ ಕಳೆಯುವ ಗೊರವಗಳು ವಾಪಸು ಹೋಗಲು ಮೈಯಲ್ಲಿ ಕೊಬ್ಬು ಕೂಡಿಸಿಕೊಳ್ಳುತ್ತಿರುತ್ತವೆ. ಪ್ರತಿ ಸಲ ಎಬ್ಬಿಸಿದಾಗಲೂ ಅದರಲ್ಲಿ ಒಂದಿಷ್ಟು ಕಳೆಯುತ್ತದೆ.

ಗೂಡಿನ ಕಾಲದಲ್ಲಂತೂ ಇದು ಜೀವದ ಪ್ರಶ್ನೆ. ಬೇಸಿಗೆಯಲ್ಲಿ ಭದ್ರಾ ಜಲಾಶಯದ ನೀರು ಇಳಿದಾಗ ನಡುಗಡ್ಡೆಗಳು ಮೇಲೇಳುತ್ತವೆ, ನದಿ ರೀವ ಹಕ್ಕಿಗಳು ಅಲ್ಲಿ ಬರಿ ನೆಲದ ಮೇಲೆ ಮೊಟ್ಟೆ ಇಡುತ್ತವೆ. ತಾಯಿ ಮೊಟ್ಟೆಯ ಮೇಲೆ ಕೂರುವುದು ಕಾವು ಕೊಡಲಿಕ್ಕೆ ಮಾತ್ರವಲ್ಲ, ನೆರಳು ಕೊಡಲಿಕ್ಕೂ ಹೌದು. ಮಧ್ಯಾಹ್ನದ ಬಿಸಿಲಲ್ಲಿ ಅದನ್ನು ಎಬ್ಬಿಸಿದರೆ ಸ್ವಲ್ಪ ಹೊತ್ತಿಗೇ ಮೊಟ್ಟೆಯೊಳಗಿನ ಜೀವ ಹೋಗುತ್ತದೆ, ಇಲ್ಲವೇ ಕಾಗೆ, ಹದ್ದು ಎತ್ತಿಕೊಂಡು ಹೋಗುತ್ತವೆ. ಅಂಥ ಕಡೆಗೆ ಯಾವ ದೋಣಿಯೂ ಹತ್ತಿರ ಸುಳಿಯಬಾರದು. ರಂಗನತಿಟ್ಟಿನಲ್ಲಿ ದೋಣಿ ಹತ್ತಿರ ಹೋದರೂ ಹಕ್ಕಿಗಳು ಕೂತೇ ಇರುತ್ತವಲ್ಲ ಅಂತ ಕೇಳಬಹುದು. 1940ರಿಂದ ರಕ್ಷಣೆಯಲ್ಲಿರುವ ಜಾಗ ಅದು, ಇಲಾಖೆಯ ದೋಣಿಗಳು ಗೊತ್ತಾದ ದಾರಿಯಲ್ಲೇ ಹೋಗುತ್ತವೆ, ಹಕ್ಕಿಗಳಿಗೆ ಅವುಗಳ ಪರಿಚಯವಿದೆ. ನಮ್ಮ ಹೊಳೆಗೆ ಆ ಲೆಕ್ಕ ಹಾಕಲಾಗದು.

ಭದ್ರೆಯ ಹಾಗೆ ನಮ್ಮ ಅಘನಾಶಿನಿ ಹೊಳೆಗೆ ಅಣೆಕಟ್ಟಿಲ್ಲ. ಅದರ ಅಳಿವೆಯನ್ನು 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿಸಿದರಲ್ಲ, ಜಗತ್ತಿಗೇ ಬೇಕಾದ ಜೌಗು ನೆಲ ಅಂತ, ನನಗೆ ಅವತ್ತು ಹಬ್ಬವೇ. ಇಳಿತದಲ್ಲಿ ನೀರು ಕೆಳಗೆ ಹೋದ ಹಾಗೆ ಕೆಸರಿನಿಂದ ಒಂದೊಂದೇ ಜೀವ ಹೊರಬರುತ್ತದೆ. ಒಂದು ಕೈ ಮಾತ್ರ ದೊಡ್ಡದಾಗಿರುವ ಗಂಡು ಏಡಿಗಳು ಆ ಕೈ ಬೀಸಿ ಹೆಣ್ಣನ್ನು ಕರೆಯುತ್ತವೆ. ಕೆಸರಿನ ಮೇಲೆ ಜಿಗಿಯುವ ಮೀನುಗಳು ಒದ್ದೆ ಚರ್ಮದಿಂದಲೂ ಉಸಿರಾಡುತ್ತ ಒಂದನ್ನೊಂದು ಅಟ್ಟುತ್ತವೆ. ಅವುಗಳ ಹಿಂದೆ ಹಸಿರು ಬಕ ಕಾಂಡ್ಲಾದ ಬೇರಿಂದ ಬೇರಿಗೆ ಕಾಲಿಡುತ್ತ ಬರುತ್ತದೆ. ದಂಡೆಯಲ್ಲಿ ನಿಂತವರಿಗೆ ಇದರಲ್ಲಿ ಕಾಲುಭಾಗವೂ ಕಾಣುವುದಿಲ್ಲ, ನಡೆದು ಹೋಗೋಣ ಅಂದರೆ ಕಾಲು ಮೊಣಕಾಲಿನವರೆಗೆ ಹೂತುಹೋಗುತ್ತದೆ.

ಕ್ಯಾಮೆರಾದ ವಿಷಯದಲ್ಲಿ ಹೆಚ್ಚು ಹೇಳಲಿಕ್ಕಿಲ್ಲ. ಮುಕ್ಕಾಲಿ ಸ್ಟ್ಯಾಂಡ್ ಇಲ್ಲಿ ಕೆಲಸಕ್ಕೆ ಬಾರದು, ದೋಣಿಯೇ ಅಲುಗುತ್ತಿರುವಾಗ ಅದೂ ಅಲುಗುತ್ತದೆ. ಕೈಯಲ್ಲೇ ಹಿಡಿಯಬಹುದಾದ 100–400 ಮಿ.ಮೀ. ಜೂಮ್ ಸಾಕು. ಶಟರ್ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ನಿಧಾನ ಆಗದ ಹಾಗೆ ನೋಡಿಕೊಳ್ಳಬೇಕು. ಉಪ್ಪುನೀರು ಕ್ಯಾಮೆರಾಕ್ಕೆ ಸಿಹಿನೀರಿಗಿಂತ ಕೆಟ್ಟದ್ದು. ಮನೆಗೆ ಬಂದ ಕೂಡಲೇ ಸಿಹಿನೀರಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಬಟ್ಟೆಯಿಂದ ಒರೆಸಬೇಕು. ಒಣ ಬಟ್ಟೆಯಿಂದ ತಿಕ್ಕಿದರೆ ಉಪ್ಪಿನ ಹರಳು ಗಾಜಿಗೆ ಗೀರು ಹಾಕುತ್ತದೆ.

ಹೊತ್ತು ನೋಡುವುದೇ ದೊಡ್ಡ ವಿದ್ಯೆ. ಉಬ್ಬರ ದಿನಕ್ಕೆ ಸುಮಾರು ಎರಡು ಘಳಿಗೆ, ಅಂದರೆ 50 ನಿಮಿಷದ ಹತ್ತಿರ ಹತ್ತಿರ, ತಡವಾಗುತ್ತ ಹೋಗುತ್ತದೆ. ಬೆಳಗಿನ ಎಳೆ ಬಿಸಿಲಿಗೆ ಇಳಿತ ಕೂಡಿಬರುವ ದಿನಗಳನ್ನು ಪಂಚಾಂಗ ನೋಡಿಯೇ ಹೇಳಬಹುದು. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ, ಸೆಳೆತವೂ ಜೋರು. ಆಗ ಇಳಿತದಲ್ಲಿ ತದಡಿಯ ಅಳಿವೆ ಬಾಯಿಯತ್ತ ಹೋದರೆ ಹೊಳೆ ಸಮುದ್ರಕ್ಕೇ ಎಳೆದುಕೊಂಡು ಹೋದೀತು. ಅಷ್ಟಮಿಯ ಹೊತ್ತಿಗೆ ಸೆಳೆತ ತಗ್ಗಿರುತ್ತದೆ, ಮೊದಲ ಸಲ ಕೂರುವವರಿಗೆ ಅದೇ ಸರಿ. ಬರುವ ಅಷ್ಟಮಿಗೆ ನೀವೂ ಬನ್ನಿ ಮಾಸ್ತರೇ, ಇಬ್ಬರು ಕೂರುವ ಕಯಾಕ್ ತರಿಸುತ್ತೇನೆ. ಹುಟ್ಟು ನಾನು ಹಾಕುತ್ತೇನೆ. ನಿಮಗೆ ಎಷ್ಟೇ ಚೆನ್ನಾಗಿ ಈಜು ಬಂದರೂ ಲೈಫ್ ಜಾಕೆಟ್ ಮಾತ್ರ ಹಾಕಲೇಬೇಕು.